ಹದಿನಾಲ್ಕು ಅಂಕದ ಮುತ್ತವ್ವ

ಮುತ್ತವ್ವನಿಗೆ ಮೂವತ್ತಕ್ಕೆ ಹದಿನಾಲ್ಕು ಅಂಕ ಕೊಟ್ಟವಳು ನಾನು. ತಪ್ಪನ್ನು ಬೇರೆ ಯಾರ ತಲೆಗಾದರೂ ಕಟ್ಟಿ ಶುರು ಮಾಡಬಹುದಿತ್ತು, ಆದರೆ ಆ ಕಾಗದದ ಕೆಳಗಿನ ಸಹಿ ನನ್ನದೇ: ವೈಶಾಲಿ, ನರ್ಸ್, ಜಮಖಂಡಿ. ಅಕ್ಷರ ಬೇರೆ ಬಲು ದುಂಡಗೆ ಬರೆದಿದ್ದೇನೆ.

ಮುತ್ತವ್ವ ಬನಹಟ್ಟಿಯವಳು, ಅರವತ್ತಮೂರು ದಾಟಿದವಳು, ಕೆಚ್ಚುವವಳು. ಮಗ್ಗದ ಊರಿನವರಲ್ಲದವರಿಗೆ ಈ ಮಾತು ತಿಳಿಯುವುದಿಲ್ಲ, ಅದಕ್ಕೆ ಹೇಳಿಬಿಡುತ್ತೇನೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿಗೆ ಹಾಸು ಅನ್ನುತ್ತಾರೆ. ಅದು ನೇಯ್ದು ಮುಗಿದಾಗ ಪೂರ್ತಿ ಕಿತ್ತು ತೆಗೆಯುವುದಿಲ್ಲ, ಗೇಣುದ್ದ ತುದಿ ಉಳಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಒಂದೊಂದು ತುದಿಗೆ ಬೆರಳಿನಿಂದ ಹೊಸೆದು ಕೂಡಿಸಬೇಕು. ಅದೇ ಕೆಚ್ಚುವುದು. ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತಾರೆ. ಅವಳು ಕೆಲಸಕ್ಕೆ ಹೋಗುವ ಗೂಳಪ್ಪನ ಮಗ್ಗದ ಶೆಡ್ಡಿನ ಸೀರೆಯ ಹಾಸಿನಲ್ಲಿ ಎರಡು ಸಾವಿರದ ನಾನೂರು ಎಳೆ. ನಡುವೆ ಒಂದು ಎಳೆ ಬಿಟ್ಟುಹೋದರೆ ಅದರ ಮುಂದಿನವೆಲ್ಲ ಒಂದೊಂದು ಮನೆ ಸರಿದು ಕೂಡುತ್ತವೆ, ದಡಿಯ ಬಣ್ಣ ಹದಗೆಡುತ್ತದೆ. ಮುತ್ತವ್ವ ನಲವತ್ತು ವರ್ಷ ಈ ಕೆಲಸವನ್ನು ಎಣಿಸದೆ ಮಾಡಿದಳು. ಅವಳಿಗೆ ನೂರರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಬೆರಳಿಗೆ ಬರುತ್ತಿತ್ತು.

ಅವಳ ಮಗ ಶಿವಪುತ್ರ ಅವಳನ್ನು ನಮ್ಮ ಶಿಬಿರಕ್ಕೆ ಕರೆತಂದದ್ದು ಸುಮ್ಮನೆ ಅಲ್ಲ. ಆ ವರ್ಷ ಅವಳು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳತೊಡಗಿದ್ದಳು. ಎರಡು ವರ್ಷದ ಹಿಂದೆಯೇ ಮಗ್ಗ ಮಾರಿ ಬಾಗಿಲು ಹಾಕಿದ್ದ ಒಬ್ಬರ ಶೆಡ್ಡಿನ ಮುಂದೆ ಹೋಗಿ, ಬೂದಿಯ ಡಬ್ಬಿ ಹಿಡಿದು, ಅರ್ಧ ತಾಸು ಕಾದು ಕೂತಿದ್ದಳು. ಇನ್ನೊಂದು ಸಲ ರಬಕವಿ ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ ಕಡೆ, ಮನೆಗೆ ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟಿದ್ದಳು. ಯಾರೋ ಗುರುತಿನವರು ಕರೆತಂದು ಬಿಟ್ಟರು. ಶಿವಪುತ್ರ ಕೆಟ್ಟವನಲ್ಲ. ಹೆದರಿದವನು. ಹೆದರಿದವರು ಮನೆಯಲ್ಲಿ ಎಷ್ಟು ಜೋರು ಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

2024ರ ದಸರೆಗೆ ಆರು ದಿನ ಮುಂಚಿನ ರವಿವಾರ ನಮ್ಮ ಸಂಸ್ಥೆ ಬನಹಟ್ಟಿಯ ಸಮುದಾಯ ಭವನದಲ್ಲಿ ಹಿರಿಯರ ನೆನಪಿನ ಶಕ್ತಿ ಪರೀಕ್ಷಿಸುವ ಶಿಬಿರ ಇಟ್ಟಿತ್ತು. ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು, ತೊಂಬತ್ತು ಮಂದಿ. ಒಬ್ಬೊಬ್ಬರಿಗೆ ಹತ್ತು ನಿಮಿಷ. ನನ್ನ ಮುಂದೆ ಮುತ್ತವ್ವ ಬಂದು ಕೂತಾಗ ಮಧ್ಯಾಹ್ನ ಆಗಿತ್ತು, ನನಗೆ ಹಸಿವಾಗಿತ್ತು.

"ಅಜ್ಜಿ, ಇದು ಯಾವ ವರ್ಷ?"

"ಅಜ್ಜಿ ಅಂತ ಯಾರಿಗೆ ಅನ್ನಾಕತ್ತಿ? ನಮ್ಮ ಮನಿಯವ್ರು ತೀರಿಕೊಂಡು ಹನ್ನೊಂದನೇ ವರ್ಷ ನಡದೈತಿ."

ಸೊನ್ನೆ ಹಾಕಿದೆ.

"ಈಗ ಯಾವ ಕಾಲ? ಬ್ಯಾಸಿಗಿನೋ, ಮಳಿಗಾಲನೋ, ಚಳಿಗಾಲನೋ?"

"ಹಸ್ತ ಮಳಿ."

ಕಾಗದದಲ್ಲಿ ಹಸ್ತ ಇರಲಿಲ್ಲ. ಸೊನ್ನೆ.

"ಇವತ್ತ ತಾರೀಖು ಎಷ್ಟು?"

"ಮಾನಮಿ ಅಮಾಸಿ ಆಗಿ ನಾಕು ದಿನ. ಇನ್ನ ಆರು ದಿನಕ್ಕ ಬನ್ನಿ ಮುಡಿಯೂದು. ಇವತ್ತ ಐತವಾರ."

ವಾರ ಸರಿಯಾಗಿ ಹೇಳಿದ್ದಕ್ಕೆ ಒಂದು ಅಂಕ. ತಾರೀಖಿಗೆ ಸೊನ್ನೆ, ತಿಂಗಳಿಗೆ ಸೊನ್ನೆ. ಜಿಲ್ಲೆ ಯಾವುದು ಎಂದೆ, "ವಿಜಾಪೂರ" ಎಂದಳು. ತಾಲೂಕು ಯಾವುದು ಎಂದೆ, "ಜಮಖಂಡಿ" ಎಂದಳು. ಬಾಗಲಕೋಟೆ ಜಿಲ್ಲೆಯಾಗಿ ಇಪ್ಪತ್ತೇಳು ವರ್ಷ ಆಗಿತ್ತು, ರಬಕವಿ-ಬನಹಟ್ಟಿಯೇ ತಾಲೂಕಾಗಿಯೂ ಕೆಲವು ವರ್ಷ ಆಗಿತ್ತು. ಎರಡಕ್ಕೂ ಸೊನ್ನೆ. ನನ್ನ ಅಪ್ಪ ಸಾಯುವವರೆಗೂ ಲಗ್ನಪತ್ರಿಕೆಯ ಮೇಲೆ "ಜಿಲ್ಲಾ ವಿಜಾಪೂರ" ಎಂದೇ ಬರೆಯುತ್ತಿದ್ದರು, ಅವರಿಗೆ ಯಾರೂ ಮರೆವಿನ ಗುಳಿಗೆ ಕೊಡಲಿಲ್ಲ. ಆದರೆ ಆ ಹೊತ್ತಿಗೆ ಇದೆಲ್ಲ ನನ್ನ ತಲೆಗೆ ಬರಲಿಲ್ಲ.

ನೂರರಲ್ಲಿ ಏಳು ಕಳೆಯಲು ಹೇಳಿದೆ. "ಯಾಕ ಕಳೀಬೇಕು? ಯಾರಿಗೆ ಕೊಡಾವ್ರದೀರಿ?" ಎಂದಳು. ಅದಕ್ಕಿದ್ದ ಐದು ಅಂಕಕ್ಕೂ ಸೊನ್ನೆ. "ಕಣ್ಣು ಮುಚ್ಚಿರಿ" ಎಂದು ಬರೆದ ಹಾಳೆ ತೋರಿಸಿ, ಇದರಲ್ಲಿ ಇದ್ದಂತೆ ಮಾಡಿ ಎಂದೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ "ಅಕ್ಷರ ಛಲೋ ಅದಾವ" ಎಂದಳು. ಪೆನ್ಸಿಲ್ಲನ್ನು ಅವಳು ಜನ್ಮದಲ್ಲಿ ಹಿಡಿದಿರಲಿಲ್ಲ, ಹಾಗಾಗಿ ಒಂದು ವಾಕ್ಯ ಬರೆಯುವುದೂ ಚಿತ್ರ ಬಿಡಿಸುವುದೂ ಸೊನ್ನೆ. ಊರಿನ ಹೆಸರು ಹೇಳುವುದು, ವಸ್ತು ಗುರುತಿಸುವುದು, ಹೇಳಿದಂತೆ ಮಾಡುವುದು, ಹದಿನಾಲ್ಕರ ಬಹುಪಾಲು ಇವುಗಳಿಂದ ಬಂತು. ಮೊದಲು ಹೇಳಿಕೊಟ್ಟ ಮೂರು ಮಾತುಗಳಲ್ಲಿ ಒಂದನ್ನು ಮಾತ್ರ ನೆನಪಿಟ್ಟು ಹೇಳಿದಳು. ಆ ತಪ್ಪು ಖರೆ ತಪ್ಪು. ಉಳಿದದ್ದೆಲ್ಲ ನನ್ನ ಕಾಗದದ ತಪ್ಪು.

ಡಾಕ್ಟರು ಹದಿನಾಲ್ಕು ಎಂಬ ಸಂಖ್ಯೆ ನೋಡಿದರು, ಮುತ್ತವ್ವನ ಮುಖ ನೋಡಲಿಲ್ಲ. "ಮರೆವಿನ ಕಾಯಿಲೆ, ಮಧ್ಯಮ ಹಂತ" ಎಂದು ಬರೆದು, ಗುಳಿಗೆ ಬರೆದು, ಕಾಗದವನ್ನು ಶಿವಪುತ್ರನ ಕೈಗೆ ಕೊಟ್ಟರು. ಒಬ್ಬಳನ್ನೇ ಬಿಡಬೇಡಿ, ಕೆಲಸಕ್ಕೆ ಕಳಿಸಬೇಡಿ ಎಂದರು. ಮುತ್ತವ್ವ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಯಾರೂ ಏನೂ ಹೇಳಲಿಲ್ಲ. ನಾನು ಮುಂದಿನವರ ಹೆಸರು ಕೂಗಿದೆ.

ದೀಪಾವಳಿ ಮುಗಿದ ವಾರ ಅವಳು ಜಮಖಂಡಿಯ ನಮ್ಮ ಕಚೇರಿಗೆ ಬಂದಳು. ಒಬ್ಬಳೇ, ಬಸ್ಸಿನಲ್ಲಿ. ಕಚೇರಿ ಸಿಗದೆ ಎರಡು ಆಸ್ಪತ್ರೆ ಹೊಕ್ಕು ಬಂದಿದ್ದಳಂತೆ. ಮಡಿಚಿದ ಕಾಗದವನ್ನು ನನ್ನ ಮೇಜಿನ ಮೇಲೆ ಬಡಿದಳು.

"ನನಗ ಹದಿನಾಕು ಹಾಕಿದಾಕಿ ನೀನ ಏನು?"

ನನಗೂ ಸಿಟ್ಟು ಮೂಗಿನ ಮೇಲೆ. "ಹೌದ್ರಿ, ನಾನ. ಏನಾತೀಗ?" ಎಂದೆ.

"ಏನಾತು? ನಿನ್ನ ಕಾಗದ ನೋಡಿ ಗೂಳಪ್ಪ ಬ್ಯಾರೆದಾಕಿನ್ನ ಕೆಚ್ಚಾಕ ಕರಸ್ಯಾನ. ನನ್ನ ಮಗ ಬಾಗಲಕ್ಕ ಹೊರಗಿಂದ ಚಿಲಕ ಹಾಕ್ತಾನ, ಇವತ್ತ ಮರತಾನ ಅಂತ ಬಂದೇನಿ. ನಿಮ್ಮ ಗುಳಿಗಿ ತಿಂದು ಹೊಟ್ಟಿ ತೊಳಸ್ತೈತಿ, ಕೆಟ್ಟ ಕೆಟ್ಟ ಕನಸ ಬೀಳ್ತಾವ. ನಳದ ಹತ್ರ ಹೆಣ್ಮಕ್ಕಳು ನನ್ನ ಮುಂದನ 'ಪಾಪ, ಆಕಿಗೆ ಏನೂ ತಿಳಿಯಂಗಿಲ್ಲ' ಅಂತಾರ. ನನಗ ಮರವು ಬಂದೈತಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನೀ ನನಗ ಸಾಲಿ ಪರೀಕ್ಷಾ ಇಟ್ಟಿ. ನಾ ಸಾಲಿಗೆ ಹೋದಾಕಿ ಅಲ್ಲ. ಪ್ರಶ್ನಿ ಕೇಳದ ಪರೀಕ್ಷಾ ಯಾವದರ ಐತೋ ಇಲ್ಲೋ, ಅದನ್ನ ಹೇಳು."

ಅವಳ ಗಂಡ ಸತ್ತ ವರ್ಷ ಯಾವುದೆಂದು ಕೇಳಿದೆ. ಅವಳ ಕುಪ್ಪಸದೊಳಗಿನ ಚೀಲದಲ್ಲಿ ಆಧಾರ್ ಕಾರ್ಡಿನ ಜೊತೆ ಗಂಡನ ಮರಣಪತ್ರವೂ ಇತ್ತು. 2013. ಲೆಕ್ಕ ತಪ್ಪಿರಲಿಲ್ಲ. ಪಂಚಾಂಗ ತೆಗೆದು ನೋಡಿದೆ. ಶಿಬಿರದ ದಿನ ಹಸ್ತ ಮಳೆಯೇ, ಅಮಾವಾಸ್ಯೆ ಆಗಿ ನಾಲ್ಕನೇ ದಿನವೇ. ನ್ಯಾಯವಾಗಿ ನೋಡಿದರೆ ಇಪ್ಪತ್ತಾದರೂ ಬರಬೇಕಿತ್ತು. ಕಡಿಮೆ ಅಂಕ ಪಡೆಯಬೇಕಾದವಳು ನಾನಾಗಿದ್ದೆ.

ಪ್ರಶ್ನೆ ಕೇಳದ ಪರೀಕ್ಷೆ ಇದೆ ಎಂದು ನನಗೆ ಗೊತ್ತಿತ್ತು. ಡಾಕ್ಟರ್ ವರದಾ ಎಂಬ ನರರೋಗ ತಜ್ಞೆ ಬೆಳಗಾವಿಯಿಂದ ಹದಿನೈದು ದಿನಕ್ಕೊಮ್ಮೆ ಜಮಖಂಡಿಗೆ ಬರುತ್ತಾರೆ. ಇಲ್ಲಿನ ಹಳೆಯ ಮರಾಠಿ ಮನೆತನದವರು, ಮಾತು ಕಡಿಮೆ. ಅವರ ಬಳಿ ಕರೆದೊಯ್ದೆ. ಖರ್ಚಿನ ಬಗ್ಗೆ ನಮ್ಮ ಸಂಸ್ಥೆಯವರ ಜೊತೆ ಜಗಳ ಮಾಡಿ ಒಪ್ಪಿಸಿದೆ. ತಪ್ಪು ನಮ್ಮದು, ತಿದ್ದುವುದೂ ನಮ್ಮದೇ ಎಂದೆ. ಅವರಿಗೆ ನನ್ನ ಮಾತಿಗಿಂತ ನನ್ನ ದನಿ ಹೆಚ್ಚು ಕೇಳಿಸಿರಬೇಕು.

ವರದಾ ಮೇಡಂ ಮೊದಲು ಮುತ್ತವ್ವನ ಕಿವಿ ನೋಡಿದರು, ಥೈರಾಯ್ಡು ನೋಡಿದರು, ವಿಟಮಿನ್ನು ನೋಡಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಮರೆವಿಗೆ ಹತ್ತು ಕಾರಣ ಇರುತ್ತವೆ, ಸುಲಭವಾಗಿ ವಾಸಿಯಾಗುವವು ಇದ್ದರೆ ಮೊದಲು ಅವನ್ನು ಹಿಡಿಯಬೇಕು. ಯಾವುದೂ ಇರಲಿಲ್ಲ. ಆಮೇಲೆ ಒಂದು ನಳಿಗೆ ರಕ್ತ ತೆಗೆದು ಬೆಂಗಳೂರಿನ ಲ್ಯಾಬಿಗೆ ಕಳಿಸಿದರು. ಮೆದುಳಿನಲ್ಲಿ ಈ ರೋಗ ಶುರುವಾದರೆ ಟೌ ಎಂಬ ಪದಾರ್ಥದ ಒಂದು ಬಗೆ ರಕ್ತದಲ್ಲಿ ಹೆಚ್ಚಾಗುತ್ತದೆ. ಎಷ್ಟು ಹೆಚ್ಚು ಎಂದು ಅಳೆಯಬಹುದು.

ಹತ್ತು ದಿನಕ್ಕೆ ಫಲಿತಾಂಶ ಬಂತು. ರೋಗ ಇಲ್ಲ ಅನ್ನುವ ಗೆರೆಗಿಂತ ಮೇಲೆ, ಇದೆ ಅನ್ನುವ ಗೆರೆಗಿಂತ ಕೆಳಗೆ. ಐದಾರು ಮಂದಿಯಲ್ಲಿ ಒಬ್ಬರಿಗೆ ಹೀಗೆ ನಡುವೆ ನಿಲ್ಲುತ್ತದೆ ಎಂದರು ಮೇಡಂ.

"ರಕ್ತಕ್ಕೂ ಗೊತ್ತಿಲ್ಲಂದ್ರ ಮತ್ತ ಯಾರಿಗೆ ಗೊತ್ತೈತ್ರಿ?" ಎಂದಳು ಮುತ್ತವ್ವ.

"ಬೆನ್ನಿನ ನೀರಿಗೆ ಗೊತ್ತಿರ್ತದ" ಎಂದರು ಮೇಡಂ. "ಮೆದುಳಿನ ಸುತ್ತ ಒಂದು ತಿಳಿನೀರು ಇರ್ತದ. ಅದು ಬೆನ್ನುಹುರಿಯ ಸುತ್ತನೂ ಇಳೀತದ. ಮೆದುಳಿನೊಳಗ ಏನು ನಡದದ ಅನ್ನೂದು ಆ ನೀರಿನೊಳಗ ರಕ್ತಕ್ಕಿಂತ ಛಂದ ಕಾಣಸ್ತದ. ಸೊಂಟದ ಹತ್ರ ಸಣ್ಣ ಸೂಜಿ ಹಾಕಿ ಸ್ವಲ್ಪ ತಗೋಬೇಕು."

ಆ ಹೊತ್ತಿಗೆ ಶಿವಪುತ್ರ ಜೊತೆಗಿದ್ದ. ತಾಯಿ ಹೇಳದೆ ಕೇಳದೆ ಜಮಖಂಡಿಗೆ ಬಂದ ದಿನದಿಂದ ಅವಳನ್ನು ಒಬ್ಬಳನ್ನೇ ಕಳಿಸುತ್ತಿರಲಿಲ್ಲ. ಬೆನ್ನಿಗೆ ಸೂಜಿ ಅಂದದ್ದೇ ಎದ್ದು ನಿಂತ.

"ಬ್ಯಾಡ್ರಿ. ಬೆನ್ನಾಗ ಸೂಜಿ ಹಾಕಿದ್ರ ಕಾಲು ಹೋಗ್ತಾವ. ನಮ್ಮ ಓಣ್ಯಾಗ ಹೆರಗಿಗೆ ಬೆನ್ನಾಗ ಸೂಜಿ ಹಾಕಸ್ಕೊಂಡ ಹೆಣ್ಮಕ್ಕಳು ಇನ್ನೂ ಸೊಂಟ ಹಿಡ್ಕೊಂಡು ಅಡ್ಡಾಡ್ತಾರ."

"ಲೇ, ಕಾಲು ಹೋದ್ರ ಹೋಗ್ಲಿ" ಎಂದಳು ಮುತ್ತವ್ವ. "ನಾ ಕುಂತು ಕೆಚ್ಚಾಕಿ, ನಿಂತಲ್ಲ."

ಕಾಲು ಹೋಗುವುದಿಲ್ಲ, ಬೆನ್ನುಹುರಿ ಮುಗಿದ ಜಾಗದ ಕೆಳಗೆ ಸೂಜಿ ಹಾಕುತ್ತಾರೆ, ಒಂದೆರಡು ದಿನ ತಲೆ ನೋಯಬಹುದು ಎಂದು ಮೇಡಂ ನಿಧಾನವಾಗಿ ಹೇಳಿದರು. ಒಪ್ಪಿಗೆಯ ಕಾಗದ ಬಂತು. ಆಸ್ಪತ್ರೆಯ ಗುಮಾಸ್ತ ಅದನ್ನು ಅಭ್ಯಾಸಬಲದಿಂದ ಶಿವಪುತ್ರನ ಕಡೆ ಸರಿಸಿದ. ಮುತ್ತವ್ವ ಅದನ್ನು ತನ್ನ ಕಡೆ ಎಳೆದುಕೊಂಡಳು.

"ಬೆನ್ನು ನಂದು, ಹೆಬ್ಬಟ್ಟೂ ನಂದ" ಎಂದು ಒತ್ತಿದಳು. ಶಿವಪುತ್ರ ಹೊರಗೆ ಹೋಗಿ ಗೇಟಿನ ಹತ್ತಿರ ನಿಂತ. ಅವನು ಅಳುತ್ತಿದ್ದ ಎಂದು ನನಗೆ ಆಮೇಲೆ ತಿಳಿಯಿತು.

ಸೂಜಿ ಹಾಕುವಾಗ ಬೆನ್ನು ಬಿಲ್ಲಿನಂತೆ ಬಾಗಿಸಿ ಅಲುಗಾಡದೆ ಕೂರಬೇಕು. ಗಟ್ಟಿಮುಟ್ಟಾದ ಗಂಡಸರೂ ಇದಕ್ಕೆ ಒದ್ದಾಡುತ್ತಾರೆ, ನಾವು ಇಬ್ಬರು ಹಿಡಿದುಕೊಳ್ಳಬೇಕಾಗುತ್ತದೆ. ಮುತ್ತವ್ವನಿಗೆ ಹೇಳಿಕೊಡುವ ಅಗತ್ಯವೇ ಬರಲಿಲ್ಲ. ನಲವತ್ತು ವರ್ಷ ಹಾಸಿನ ಮೇಲೆ ಬಾಗಿದವಳು ಹಾಗೆಯೇ ಬಾಗಿ ಕೂತಳು, ಬೆರಳುಗಳನ್ನು ತೊಡೆಯ ಮೇಲೆ ಇಟ್ಟು ಹೊಸೆಯುತ್ತಲೇ ಇದ್ದಳು. ಹನಿ ಹನಿಯಾಗಿ ನೀರು ಬಂತು. ಅದನ್ನು ನಾನು ಲ್ಯಾಬಿನವರೇ ಕಳಿಸಿದ ನಳಿಗೆಗಳಲ್ಲಿ ಹಿಡಿದೆ. ಬೇರೆ ಪ್ಲಾಸ್ಟಿಕ್ಕಿನ ನಳಿಗೆಯಾದರೆ ಅಳೆಯಬೇಕಾದ ಪದಾರ್ಥ ಅದರ ಗೋಡೆಗೇ ಅಂಟಿಕೊಂಡು ಲೆಕ್ಕ ಸುಳ್ಳಾಗುತ್ತದೆ. ಒಂದು ಸಲ ಸುಳ್ಳು ಲೆಕ್ಕ ಕೊಟ್ಟಿದ್ದೆ, ಇನ್ನೊಂದು ಸಲ ಕೊಡಲು ನನ್ನಿಂದ ಆಗುತ್ತಿರಲಿಲ್ಲ. ನಳಿಗೆಯ ಹೆಸರುಪಟ್ಟಿ ಮೂರು ಸಲ ನೋಡಿದೆ.

"ತೋರಸು" ಎಂದಳು. ತೋರಿಸಿದೆ. "ಎಷ್ಟು ತಿಳಿ ಐತಿ! ಇದರಾಗ ರೋಗ ಎಲ್ಲಿ ಕುಂದ್ರತೈತ್ರಿ?"

ಮೂರು ದಿನ ಅವಳಿಗೆ ತಲೆ ಸಿಡಿಯುವಷ್ಟು ನೋವಿತ್ತು. ಮಗನಿಗೆ ಹೇಳಲಿಲ್ಲ. ಫೋನಿನಲ್ಲಿ ನನಗೆ ಹೇಳಿದಳು, ಯಾರಿಗೂ ಹೇಳಬೇಡ ಎಂದೂ ಹೇಳಿದಳು.

ನಾನು ಮನಸ್ಸಿನಲ್ಲೇ ಏನು ಬೇಡಿಕೊಳ್ಳುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ರೋಗ ಇಲ್ಲ ಎಂದು ಬರಲಿ ಎಂದು ಬೇಡುತ್ತಿದ್ದೆ. ಅರ್ಧ ಅವಳಿಗಾಗಿ, ಅರ್ಧ ನನ್ನ ತಪ್ಪು ತೊಳೆದುಹೋಗಲಿ ಎಂದು. ಆ ಕಾಗದವನ್ನು ಅವಳ ಮುಂದೆಯೇ ಹರಿದು ಹಾಕುವುದನ್ನು ಎಷ್ಟೋ ಸಲ ಊಹಿಸಿಕೊಂಡಿದ್ದೆ.

ಸಂಕ್ರಮಣದ ಮರುವಾರ ಫಲಿತಾಂಶ ಬಂತು. ಮೇಡಂ ಲಕೋಟೆ ತೆರೆದು ಓದಿದರು, ಶಿವಪುತ್ರನ ಕಡೆ ತಿರುಗಿ "ನೋಡ್ರಿ, ನಿಮ್ಮ ತಾಯಿಯವರಿಗೆ..." ಎಂದು ಶುರು ಮಾಡಿದರು.

"ನೀರು ಯಾರ ಬೆನ್ನಾಗಿಂದ ತಗದೀರಿ?" ಎಂದಳು ಮುತ್ತವ್ವ. "ಆಕಿಗೆ ಹೇಳ್ರಿ."

ಮೇಡಂ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು ಕೂತರು. "ತಪ್ಪಾತು, ಮುತ್ತವ್ವಾರ. ನಿಮಗ ಹೇಳ್ತೀನಿ. ರೋಗ ಅದ. ಮೆದುಳಿನೊಳಗ ಒಂದು ಪದಾರ್ಥ ಅಂಟಕೊಂಡು ಕೂತದ, ಅದಕ್ಕ ನೀರಿನೊಳಗ ಅದು ಕಡಿಮಿ ಆಗೇದ. ಟೌ ಅನ್ನೂದು ಹೆಚ್ಚಾಗೇದ. ಎರಡೂ ಸೇರಿ ಇದು ಅಲ್ಜೈಮರ್ ಅಂತ ಹೇಳ್ತಾವ."

"ನಾ ಹೇಳಿದ್ದಿಲ್ಲೇನು?" ಎಂದ ಶಿವಪುತ್ರ. "ಶಿಬಿರದಾಗ ಹೇಳಿದ್ದನ್ನ ಈಗ ಇವ್ರೂ ಹೇಳಿದ್ರು. ಕಾಗದ ಖರೇನ ಇತ್ತು."

ನನಗೆ ತಡೆಯಲಾಗಲಿಲ್ಲ. ಕಾಗದ ಖರೆ ಇರಲಿಲ್ಲ ಎಂದು ಕೂಗಿದೆ. ಓದಲು ಬಾರದ ಹೆಂಗಸಿನ ಮುಂದೆ ಅಕ್ಷರ ಹಿಡಿದು ಮೂರ್ಖಳೆಂದು ಬರೆದ ಕಾಗದ ಅದು, ಗುರಿ ನೋಡದೆ ಎಸೆದ ಕಲ್ಲು ಎಲ್ಲಿಗೋ ತಾಕಿತು ಅಷ್ಟೆ ಎಂದೆ. ಕೂಗಿದ್ದು ಅವನ ಮೇಲೆ, ಸಿಟ್ಟು ಇದ್ದದ್ದು ನನ್ನ ಮೇಲೆ.

ಮುತ್ತವ್ವ ಇಬ್ಬರನ್ನೂ ಸುಮ್ಮನಿರಿಸಿದಳು. ಅವಳ ಕಣ್ಣಿನಲ್ಲಿ ನೀರು ಬಂದಿತ್ತು. "ಹೆದರಿಕಿ ಬಂತವ್ವಾ" ಎಂದಳು ನನ್ನನ್ನು ನೋಡಿ. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮೇಡಂ ಕಡೆ ತಿರುಗಿದಳು.

"ರೋಗ ಐತಿ ಅಂದ್ರ ಐತಿ. ನಾನ ನೀರು ಕೊಟ್ಟೇನಿ, ಅದು ಹೇಳಿದ್ದನ್ನ ನಾ ಇಲ್ಲ ಅನ್ನಂಗಿಲ್ಲ. ಈಗ ಒಂದ ಕೇಳ್ತೇನಿ, ಖರೆ ಹೇಳ್ರಿ. ನನಗ ಕೆಚ್ಚಾಕ ಬರಂಗಿಲ್ಲ ಅಂತ ಆ ನೀರು ಹೇಳೈತೇನು?"

"ಇಲ್ಲ" ಎಂದರು ಮೇಡಂ. "ನೀರು ರೋಗ ಯಾವದು ಅಂತ ಹೇಳ್ತದ. ನಿಮ್ಮ ಕೈಲೆ ಏನಾಗ್ತದ, ಏನಾಗಂಗಿಲ್ಲ ಅಂತ ಹೇಳೂದಿಲ್ಲ. ಅದನ್ನ ನಿಮ್ಮ ಕೈ ಹೇಳಬೇಕು. ಇನ್ನೂ ಮೊದಲಿನ ಹಂತ ಅದ. ಗುಳಿಗಿ ಅರ್ಧ ಮಾಡ್ತೀನಿ. ಕೆಲಸ ಬಿಡ್ರಿ ಅಂತ ನಾ ಹೇಳಂಗಿಲ್ಲ."

"ಕೇಳಿದ್ಯಾ?" ಎಂದಳು ಮಗನಿಗೆ. "ಇನ್ನ ಚಿಲಕ ಹಾಕೀ ನೋಡು."

ಮರುದಿನವೇ ಗೂಳಪ್ಪನ ಶೆಡ್ಡಿಗೆ ಹೋದೆವು. ಗೂಳಪ್ಪ ಹನ್ನೆರಡು ಮಗ್ಗದ ಮಾಲಕ, ಮುತ್ತವ್ವನ ಕೈಯನ್ನು ಚಿಕ್ಕಂದಿನಿಂದ ಬಲ್ಲವನು. ಆದರೂ ಅವನ ಹೆದರಿಕೆ ಅವನಿಗೆ. "ಅಕ್ಕಾ, ಒಂದು ಎಳಿ ಅತ್ಲಾಗಿತ್ಲಾಗ ಆತಂದ್ರ ಹಾಸು ಪೂರ್ತಿ ಕೆಡತೈತಿ. ನೀ ಮನ್ಯಾಗ ಆರಾಮ ಇರು" ಎಂದ.

"ಆರಾಮ ಇರಾಕ ನಾ ಸತ್ತಿಲ್ಲ. ಒಂದು ಹಾಸು ಕೊಡು. ನಾ ಕೆಚ್ಚತೇನಿ, ನೀ ತಪ್ಪು ಎಣಸು. ಬಾಯಿ ಮಾತಿನ ಪರೀಕ್ಷಾ ಸಾಕು."

ಗೂಳಪ್ಪ ತಲೆ ಕೆರೆದುಕೊಂಡು ಮೂಲೆಯ ಮಗ್ಗ ತೋರಿಸಿದ. ಮೊದಲು ಒಂದು ದಿನದಲ್ಲಿ ಮುಗಿಸುತ್ತಿದ್ದವಳಿಗೆ ಒಂದೂವರೆ ದಿನ ಹಿಡಿಯಿತು. ನಡುವೆ ಎರಡು ಸಲ "ನಾ ಊಟ ಮಾಡೇನೇನು?" ಎಂದು ಕೇಳಿದಳು. ಬೆರಳು ಮಾತ್ರ ಎಲ್ಲಿಯೂ ನಿಲ್ಲಲಿಲ್ಲ. ಗೂಳಪ್ಪ ಕನ್ನಡಕ ಹಾಕಿಕೊಂಡು ಎರಡು ಸಾವಿರದ ನಾನೂರು ಎಳೆಯನ್ನೂ ನೋಡಿದ. ನಾಲ್ಕು ತಪ್ಪು. ಅದರಲ್ಲಿ ಒಂದನ್ನು ಅವನು ಹೇಳುವ ಮುಂಚೆ ಅವಳೇ ಹಿಡಿದಳು. ಅವನು ಹೊಸದಾಗಿ ಕರೆಸಿದ್ದವಳದು ಒಂದು ಹಾಸಿನಲ್ಲಿ ಐದಾರು ತಪ್ಪು ಬರುತ್ತಿತ್ತು. ಇದನ್ನು ಗೂಳಪ್ಪನೇ ಹೇಳಿದ, ಮುಚ್ಚಿಡಲಿಲ್ಲ, ಅದಕ್ಕೆ ಅವನನ್ನು ಮೆಚ್ಚಬೇಕು.

ಮುತ್ತವ್ವ ಆಗ ನಮ್ಮ ಮೂವರನ್ನೂ, ಗೂಳಪ್ಪ, ಶಿವಪುತ್ರ, ನನ್ನನ್ನು, ಎದುರು ನಿಲ್ಲಿಸಿಕೊಂಡಳು.

"ಇದು ಹೆಚ್ಚಾಗೂ ರೋಗ ಅಂತ ನನಗ ಗೊತ್ತೈತಿ. ಒಂದಿಲ್ಲೊಂದ ದಿನ ನನ್ನ ಕೈ ತಪ್ಪತಾವ. ತಪ್ಪಿದ್ರ ನನಗ ಹೇಳ್ರಿ. ನನ್ನ ಮಗಗ ಹೇಳಬ್ಯಾಡ್ರಿ, ಡಾಕ್ಟರಗ ಹೇಳಬ್ಯಾಡ್ರಿ, ಮೊದಲ ನನಗ ಹೇಳ್ರಿ. ಒಂದು ಹಾಸಿನಾಗ ಇಪ್ಪತ್ತು ದಾಟಿತಂದ್ರ ನಾನ ಏಳತೇನಿ. ಅಲ್ಲೀತನಕ ಯಾರೂ ನನ್ನ ಎಬ್ಬಸೂದಿಲ್ಲ." ನಂತರ ನನ್ನ ಕಡೆ ಬೆರಳು ಮಾಡಿದಳು. "ಎಣಸಾಕಿ ಈಕಿ. ತಿಂಗಳಿಗೊಮ್ಮೆ ಬರ್ಲಿ. ಈಕಿ ನನಗ ಕಡಿಮಿ ಹಾಕಿದಾಕಿ, ಹೆಚ್ಚು ಹಾಕಂಗಿಲ್ಲ ಅನ್ನೂ ನಂಬಿಕಿ ಐತಿ."

ಹೀಗೆ ನಾನು ಪ್ರತಿ ತಿಂಗಳ ಒಂದು ರವಿವಾರ ಬನಹಟ್ಟಿಯ ಶೆಡ್ಡಿನಲ್ಲಿ ಎಳೆ ಎಣಿಸುವವಳಾದೆ. ನನ್ನ ಗಂಡ ನಕ್ಕ, ಕಚೇರಿಯವರು ನಕ್ಕರು. ಮೊದಲ ತಿಂಗಳುಗಳಲ್ಲಿ ನಾಲ್ಕು, ಮೂರು, ಆರು. ತಪ್ಪು ಸಿಕ್ಕ ಎಳೆಗೆ ಒಂದು ತುಣುಕು ಕೆಂಪು ದಾರ ಸುತ್ತಿ ಗುರುತು ಮಾಡುವುದನ್ನು ಗೂಳಪ್ಪ ಕಲಿಸಿಕೊಟ್ಟ. ಅವಳು ಅದನ್ನು ಬಿಚ್ಚಿ, ತಿದ್ದಿ, "ಮತ್ತ?" ಎಂದು ಕೇಳುತ್ತಿದ್ದಳು. ಮಳೆಗಾಲದ ಹೊತ್ತಿಗೆ ಅವಳು ನನ್ನ ಹೆಸರು ಮರೆತಳು. "ಎಣಸೂ ಬಾಯಿ ಬಂದ್ಳು" ಅನ್ನುತ್ತಿದ್ದಳು. ಒಂದು ಸಲ ಮೊಮ್ಮಗಳನ್ನು ತನ್ನ ತಂಗಿ ಎಂದಳು. ಆದರೂ ಶೆಡ್ಡಿಗೆ ಬಂದು ಬೂದಿಯಲ್ಲಿ ಬೆರಳು ಅದ್ದಿದರೆ ಅಲ್ಲಿ ಬೇರೆ ಮುತ್ತವ್ವ ಕೂರುತ್ತಿದ್ದಳು. ಶಿವಪುತ್ರ ದಿನಾ ಬೆಳಿಗ್ಗೆ ಅವಳನ್ನು ಶೆಡ್ಡಿನ ಬಾಗಿಲಿಗೆ ಬಿಟ್ಟು ಹೋಗುತ್ತಿದ್ದ. ಚಿಲಕದ ಮಾತು ಅವನು ಮತ್ತೆ ಎತ್ತಲಿಲ್ಲ. ಎಂಟು, ಒಂಬತ್ತು, ಹದಿಮೂರು.

ಈ ವರ್ಷ ಯುಗಾದಿ ಮುಗಿದ ರವಿವಾರ, ಹದಿನಾಲ್ಕನೇ ತಿಂಗಳಿಗೆ ನಾನು ಎಣಿಸಿದಾಗ ಇಪ್ಪತ್ತಮೂರು ಬಂತು. ಮತ್ತೆ ಎಣಿಸಿದೆ. ಇಪ್ಪತ್ತಮೂರೇ. ಮುತ್ತವ್ವ ಮಗ್ಗದ ಮುಂದೆ ಕೂತು ಚಹಾ ಕುಡಿಯುತ್ತಿದ್ದಳು.

ಗೂಳಪ್ಪ ನನ್ನನ್ನು ಬಾಗಿಲ ಬಳಿ ಕರೆದ. "ಬಾಯಾರ, ಹತ್ತೊಂಬತ್ತು ಅಂತ ಹೇಳ್ರಿ. ಆಕಿಗೆ ಎಣಸಾಕ ಬರಂಗಿಲ್ಲ. ನಾ ರಾತ್ರಿ ಕುಂತು ತಿದ್ದತೇನಿ."

ಅವನ ಹಿಂದೆ ಶಿವಪುತ್ರ ನಿಂತಿದ್ದ. ತಾಯಿಯನ್ನು ಮನೆಯಲ್ಲಿ ಕೂಡಿಹಾಕಿದ್ದ ಅದೇ ಶಿವಪುತ್ರ ನನಗೆ ಕೈ ಮುಗಿದ. "ಹೂಂ ರೀ, ಹತ್ತೊಂಬತ್ತು ಅನ್ರಿ. ಈ ಕೆಲಸ ಬಿಟ್ರ ಆಕಿಗೆ ಏನ ಉಳೀತೈತಿ?"

ಹತ್ತೊಂಬತ್ತು ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದೆವು. ಅಂದು ಶಿಬಿರದಲ್ಲಿ ಅವಳ ಬಗ್ಗೆ ಅವಳನ್ನು ಬಿಟ್ಟು ಮಾತಾಡಿದ್ದೆವು. ಇವತ್ತು ಪ್ರೀತಿಯಿಂದ ಅದನ್ನೇ ಮಾಡುತ್ತಿದ್ದೆ. ನನಗೆ ನನ್ನ ಮೇಲೆ ಅಸಹ್ಯ ಬಂತು. ಹೋಗಿ ಅವಳ ಎದುರು ನೆಲದ ಮೇಲೆ ಕೂತೆ.

"ಮುತ್ತಕ್ಕಾ, ಇಪ್ಪತ್ತಮೂರು."

ಅವಳು ನನ್ನನ್ನು ನೋಡಿದಳು. ಕಪ್ಪನ್ನು ಕೆಳಗಿಟ್ಟಳು. ಅವಳಿಗೆ ಅರ್ಥವಾಗಲಿಲ್ಲವೇನೋ ಅಂದುಕೊಂಡೆ.

"ಇಪ್ಪತ್ತು ದಾಟಿತು" ಎಂದಳು.

"ದಾಟಿತ್ರಿ."

"ಎಲ್ಲೆಲ್ಲೆ? ತೋರಸು."

ಕೆಂಪು ದಾರ ಸುತ್ತಿದ ಎಳೆಗಳನ್ನು ಒಂದೊಂದಾಗಿ ತೋರಿಸಿದೆ. ಅವಳು ಬೆರಳಿಗೆ ಬೂದಿ ಹಚ್ಚಿಕೊಂಡು ಮೊದಲನೆಯದನ್ನು ಬಿಚ್ಚಿದಳು. ಗೂಳಪ್ಪ ಹತ್ತಿರ ಬಂದು "ಇರ್ಲಿ ಬಿಡಕ್ಕಾ, ನಾ ಮಾಡ್ತೇನಿ" ಎಂದ.

"ಸರಿ ಅತ್ಲಾಗ. ತಪ್ಪು ಬಿಟ್ಟು ಏಳಾಕಿ ಅಲ್ಲ ನಾ."

ಇಪ್ಪತ್ತಮೂರನ್ನೂ ತಿದ್ದಲು ಸಂಜೆಯಾಯಿತು. ಒಂದನ್ನು ಮೂರು ಸಲ ಬಿಚ್ಚಿ ಮೂರು ಸಲ ಹೊಸೆದಳು, ತನಗೆ ತಾನೇ ಬೈದುಕೊಂಡಳು. ಮಿಕ್ಕ ಮಗ್ಗಗಳನ್ನು ಗೂಳಪ್ಪ ನಿಲ್ಲಿಸಿಬಿಟ್ಟಿದ್ದ, ಶೆಡ್ಡಿನಲ್ಲಿ ಯಾವ ಸದ್ದೂ ಇರಲಿಲ್ಲ. ಕೊನೆಯ ಎಳೆ ಮುಗಿದ ಮೇಲೆ ನನಗೆ ಇನ್ನೊಮ್ಮೆ ನೋಡಲು ಹೇಳಿದಳು. ನೋಡಿದೆ. ಒಂದೂ ತಪ್ಪು ಇರಲಿಲ್ಲ. ಹಾಗೆಂದೆ. ಅವಳು ಬೂದಿಯನ್ನು ಸೀರೆಗೆ ಒರೆಸಿಕೊಂಡಳು.

ಶಿವಪುತ್ರ ಮುಂದೆ ಬಂದು ಕೈ ಚಾಚಿದ.

"ಕೈ ತಗಿ" ಎಂದಳು.

ಅಂಗೈಯನ್ನು ನೆಲಕ್ಕೂರಿದಳು. ಒಂದು ಮಂಡಿ ಎತ್ತಿದಳು, ತಡೆದು ಇನ್ನೊಂದನ್ನು ಎತ್ತಿದಳು. ನಾವು ಮೂವರೂ ಪಕ್ಕದಲ್ಲೇ ನಿಂತಿದ್ದೆವು, ಯಾರೂ ಮುಟ್ಟಲಿಲ್ಲ. ಅವಳು ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡಳು.

"ಯಾರರ ನನ್ನ ಎಬ್ಬಿಸಿದ್ರೇನು?"

"ಇಲ್ರಿ, ನೀವ ಎದ್ರಿ" ಎಂದೆ.

"ಹಂಗಂತ ಬರಕೋ" ಎಂದಳು ಮುತ್ತವ್ವ. ನಾನು ಬರೆದುಕೊಂಡೆ.